ಕುದುರೆಯ ಕೊರಳು ಮತ್ತು ಬೆವರಿನ ಶಾಸ್ತ್ರ

ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಶಾಸ್ತ್ರಗ್ರಂಥಗಳಿಗೆ ದೊರೆತಿರುವ ಸ್ಥಾನ ಬಹುಮಟ್ಟಿಗೆ ಒಂದು ಪಟ್ಟಿಯ ಸ್ಥಾನ. ಕೀರ್ತಿವರ್ಮನ ‘ಗೋವೈದ್ಯ’, ಅಭಿನವಚಂದ್ರನ ‘ಅಶ್ವವೈದ್ಯ’, ಪದ್ಮಣಪಂಡಿತನ ‘ಹಯಸಾರಸಮುಚ್ಚಯ’ ಎಂಬ ಹೆಸರುಗಳನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ಪರೀಕ್ಷೆಗಾಗಿ ನೆನಪಿಡುತ್ತಾರೆ; ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಈ ಕೃತಿಗಳು ಯಾವ ಪ್ರಶ್ನೆಗಳಿಗೆ ಉತ್ತರವಾಗಿ ಹುಟ್ಟಿದವು, ಆ ಪ್ರಶ್ನೆಗಳು ಇಂದಿಗೂ ಉಳಿದಿವೆಯೇ ಎಂದು ಕೇಳುವವರು ವಿರಳ. ಒಂದು ಪ್ರಶ್ನೆಯಂತೂ ಉಳಿದಿದೆ. ಪ್ರದರ್ಶನದ ಋತುವಿಗೆ ಕುದುರೆಯನ್ನು ಅಣಿಗೊಳಿಸುವಾಗ ಅದರ ಕೊರಳಿಗೆ ಪಟ್ಟಿ ಸುತ್ತಿ ಬೆವರಿಸಿ ತೆಳುವಾಗಿಸುವುದು ಸರಿಯೇ ಎಂಬುದು ಆ ಪ್ರಶ್ನೆ. ಲಾಯದ ಮೂಲೆಯ ಸಣ್ಣ ಸಂಗತಿಯಂತೆ ಕಾಣುವ ಇದರಲ್ಲಿ ಲಕ್ಷಣಶಾಸ್ತ್ರ, ವೈದ್ಯಶಾಸ್ತ್ರ ಮತ್ತು ಅಹಿಂಸಾವಿಚಾರ ಮೂರೂ ಬಂದು ಕೂಡುತ್ತವೆ.

ಪ್ರಶ್ನೆಯನ್ನು ಸಗರನಾಡಿನಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ಯಾದಗಿರಿ, ಶಹಾಪುರ, ಸುರಪುರಗಳ ಈ ಸೀಮೆ ಕೃಷ್ಣೆ ಮತ್ತು ಭೀಮೆಯರ ನಡುವೆ ಹಾಗೂ ಅವುಗಳ ದಡಗಳಲ್ಲಿ ಹರಡಿದೆ. ದಖ್ಖನಿನ ಗಟ್ಟಿಮುಟ್ಟಾದ ಸಣ್ಣ ಕುದುರೆಗಳ ಪ್ರಸಿದ್ಧ ತಳಿಯೊಂದು ಭೀಮಥಡಿ ಎಂಬ ಹೆಸರಿನಲ್ಲಿ ಭೀಮಾತೀರವನ್ನೇ ಹೊತ್ತಿದೆ. ಸುರಪುರ ಸೀಮೆಯ ಏವೂರಿನ 1077ರ ಶಾಸನ ಆರನೆಯ ವಿಕ್ರಮಾದಿತ್ಯನ ಕಾಲದ್ದು. ಆ ವಿಕ್ರಮಾದಿತ್ಯನ ತಮ್ಮನೆಂದು ಹೇಳಲಾಗುವ ಕೀರ್ತಿವರ್ಮನೇ ಗೋವೈದ್ಯವನ್ನು ಬರೆದ ಜೈನ ಕವಿ; ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನೇ ಸುಮಾರು 1130ರಲ್ಲಿ ಸಂಸ್ಕೃತದ ‘ಮಾನಸೋಲ್ಲಾಸ’ವನ್ನು ರಚಿಸಿ, ಅರಸನ ವಿನೋದಗಳಲ್ಲಿ ಕುದುರೆ ಸವಾರಿಯ ಆಟಕ್ಕೂ ಒಂದು ಪ್ರಕರಣವನ್ನು ಮೀಸಲಿಟ್ಟವನು. ಮುಂದೆ 1705ರಲ್ಲಿ ಔರಂಗಜೇಬನು ಸುರಪುರದ ನಾಯಕರ ವಾಗಿನಗೇರಿ ಕೋಟೆಯನ್ನು ಮುತ್ತಿದಾಗ ಬೇಡರ ಪಡೆಗೆ ನೆರವಾಗಿ ಬಂದದ್ದು ಮರಾಠರ ಅಶ್ವದಳ. ಈ ನೆಲದ ರಾಜಕೀಯವನ್ನು ಕುದುರೆಯ ಗೊರಸಿನಿಂದ ಬೇರ್ಪಡಿಸಿ ಬರೆಯುವುದು ಸಾಧ್ಯವಿಲ್ಲ.

ಇಂದು ಇಲ್ಲಿ ಕುದುರೆ ಯುದ್ಧಕ್ಕಿಲ್ಲ. ಮದುವೆಯ ಮೆರವಣಿಗೆಗೆ, ಜಾತ್ರೆಗೆ, ಉತ್ಸವಕ್ಕೆ ಇದೆ. ಅಂದರೆ ಕುದುರೆ ಈಗ ಮುಖ್ಯವಾಗಿ ನೋಡುವ ವಸ್ತುವಾಗಿದೆ. ಇದು ಪೂರ್ತಿ ಹೊಸದೂ ಅಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯಂದು ಅಲಂಕೃತವಾದ ಕುದುರೆಗಳು ಅರಸನ ಮುಂದೆ ಸಾಗಿದ್ದನ್ನು ವರ್ಣಿಸಿದ್ದಾನೆ. ಪ್ರದರ್ಶನದ ಋತು ಎಂಬುದು ಕನ್ನಡನಾಡಿಗೆ ಅಂದಿನಿಂದಲೂ ಪರಿಚಿತ. ವ್ಯತ್ಯಾಸವೆಂದರೆ, ಅಂದು ಮಹಾನವಮಿಗೆ ಮೆರೆದ ಕುದುರೆಗೆ ಉಳಿದ ದಿನಗಳಲ್ಲಿ ದುಡಿಮೆ ಇರುತ್ತಿತ್ತು. ಇಂದಿನ ಕುದುರೆ ಬಹುಕಾಲ ಗೂಟದಲ್ಲಿ ನಿಂತು, ಕಾಳು ತಿಂದು, ಋತು ಬಂದಾಗ ಹೊರಬರುತ್ತದೆ. ಕೊರಳಿನ ಕೊಬ್ಬಿನ ಸಮಸ್ಯೆ ಹುಟ್ಟುವುದು ಈ ಗೂಟದಲ್ಲಿ.

ಬೆವರುಪಟ್ಟಿಯ ಸ್ವರೂಪವನ್ನು ಮೊದಲು ತಿಳಿಯಬೇಕು. ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ದಪ್ಪ ಹಾಳೆಯನ್ನು ಕುದುರೆಯ ಕೊರಳಿಗೋ, ತಲೆಯು ಕೊರಳಿಗೆ ಕೂಡುವ ಗಂಟಲಿನ ಭಾಗಕ್ಕೋ ಸುತ್ತುತ್ತಾರೆ. ಕೆಲವರು ಮೊದಲು ಗ್ಲಿಸರಿನ್‌ನಂತಹ ದ್ರವವನ್ನು ಸವರುತ್ತಾರೆ. ಬಳಿಕ ಕುದುರೆಯನ್ನು ಉದ್ದನೆಯ ಹಗ್ಗದಲ್ಲಿ ವೃತ್ತಾಕಾರವಾಗಿ ಓಡಿಸುತ್ತಾರೆ, ಇಲ್ಲವೇ ಪಟ್ಟಿಯೊಡನೆಯೇ ಲಾಯದಲ್ಲಿ ಕಟ್ಟುತ್ತಾರೆ. ಪಟ್ಟಿ ಬಿಚ್ಚಿದಾಗ ಕೊರಳು ಒದ್ದೆಯಾಗಿ, ಕೊಂಚ ತೆಳುವಾಗಿ, ಸ್ನಾಯುಗಳ ಗೆರೆ ಎದ್ದು ಕಾಣುತ್ತದೆ. ಅಮೆರಿಕದಲ್ಲಿ ಅರಬ್ಬಿ ಮತ್ತು ಕ್ವಾರ್ಟರ್ ತಳಿಗಳ ಪ್ರದರ್ಶನಗಳಿಗೆ ಕುದುರೆಗಳನ್ನು ಅಣಿಗೊಳಿಸುವವರಲ್ಲಿ ಇದು ಬಲ್ಲ ಸಾಧನ. ಇಂದು ಅಂತರ್ಜಾಲದ ಅಂಗಡಿಗಳ ಮೂಲಕ ಯಾವ ಊರಿನ ಲಾಯಕ್ಕೂ ತಲುಪಬಲ್ಲದು. ಗಂಟಲಿನ ಭಾಗ ತೆಳುವಾಗಿದ್ದರೆ ಕುದುರೆ ತಲೆಯನ್ನು ಚೆನ್ನಾಗಿ ಬಾಗಿಸಬಲ್ಲದು, ಕೊರಳಿನ ಬಿಲ್ಲಿನಾಕಾರ ಸೊಗಸಾಗಿ ಕಾಣುತ್ತದೆ ಎಂಬುದು ಇದರ ಹಿಂದಿರುವ ತರ್ಕ.

ಆ ಸೊಗಸಿನ ಕಲ್ಪನೆಯೇನೂ ಪರದೇಶದ್ದಲ್ಲ. ವರಾಹಮಿಹಿರನ ‘ಬೃಹತ್ಸಂಹಿತೆ’ಯ ಅಶ್ವಲಕ್ಷಣದಲ್ಲಿ ನೀಳವಾದ ಕೊರಳು, ತೆಳುವಾದ ಚರ್ಮ, ನವುರಾದ ಕೂದಲು ಒಳ್ಳೆಯ ಕುದುರೆಯ ಗುಣಗಳೆಂದು ಎಣಿಕೆಯಾಗಿವೆ. ಕನ್ನಡನಾಡಿನ ವೀರಗಲ್ಲುಗಳ ಶಿಲ್ಪಿಗಳೂ ಕುದುರೆಯ ಕೊರಳನ್ನು ಬಾಗಿಸಿಯೇ ಕಡೆದರು. ಆದರೆ ಇಲ್ಲಿ ಒಂದು ವಿವೇಕವನ್ನು ಮರೆಯಬಾರದು. ಲಕ್ಷಣಶಾಸ್ತ್ರವು ಆಯ್ಕೆಯ ಶಾಸ್ತ್ರ. ಕೊಳ್ಳುವವನು ನೂರು ಕುದುರೆಗಳ ನಡುವೆ ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಸುವುದು ಅದರ ಕೆಲಸ. ಅಲ್ಲಿ ಹೇಳಿರುವ ನೀಳವಾದ ಕೊರಳು ಹುಟ್ಟಿನಿಂದ ಬಂದ ಎಲುಬಿನ ಕಟ್ಟು. ಸುತ್ತಿ ಬಿಗಿದು ತಯಾರಿಸುವ ಆಕಾರವಲ್ಲ. ಲಕ್ಷಣವನ್ನು ಚಿಕಿತ್ಸೆಯಿಂದ ಹುಟ್ಟಿಸಹೊರಟಾಗ ಎರಡು ಶಾಸ್ತ್ರಗಳ ಗಡಿ ಅಳಿಸಿಹೋಗುತ್ತದೆ. ಅಶ್ವಶಾಸ್ತ್ರವನ್ನು ಓದುವ ಸಂಶೋಧಕರು ಮೊದಲು ಗುರುತಿಸಬೇಕಾದದ್ದು ಈ ಗಡಿಯನ್ನು.

ಹಾಗಾದರೆ ಬೆವರಿಸುವುದಕ್ಕೆ ಭಾರತೀಯ ವೈದ್ಯದಲ್ಲಿ ಸ್ಥಾನವಿಲ್ಲವೇ? ಧಾರಾಳವಾಗಿ ಇದೆ. ಸ್ವೇದನ ಎಂಬುದು ಒಂದು ಸುವ್ಯವಸ್ಥಿತ ಕ್ರಮ. ‘ಚರಕಸಂಹಿತೆ’ಯ ಸೂತ್ರಸ್ಥಾನದ 14ನೆಯ ಅಧ್ಯಾಯ ಪೂರ್ತಿಯಾಗಿ ಇದಕ್ಕೇ ಮೀಸಲು. ಅಲ್ಲಿ ಬೆಂಕಿಯ ನೆರವಿನಿಂದ ಬೆವರಿಸುವ 13 ವಿಧಗಳೂ, ಬೆಂಕಿಯಿಲ್ಲದೆ ಬೆವರಿಸುವ 10 ವಿಧಗಳೂ ಇವೆ. ಬೆಂಕಿಯಿಲ್ಲದ ಹತ್ತರಲ್ಲಿ ವ್ಯಾಯಾಮ, ಬೆಚ್ಚನೆಯ ಮನೆ, ದಪ್ಪ ಹೊದಿಕೆ, ಹಸಿವು, ಭಯ, ಕೋಪ, ಬಿಸಿಲು, ಲೇಪ ಹಚ್ಚಿ ಕಟ್ಟುವ ಉಪನಾಹ ಮೊದಲಾದವು ಸೇರಿವೆ. ಇಂದಿನ ಬೆವರುಪಟ್ಟಿ ಈ ವರ್ಗೀಕರಣದಲ್ಲಿ ದಪ್ಪ ಹೊದಿಕೆಗೂ ಉಪನಾಹಕ್ಕೂ ನಡುವೆ ಕೂಡುತ್ತದೆ. ಅದನ್ನು ಕಟ್ಟಿ ಓಡಿಸಿದರೆ ವ್ಯಾಯಾಮವೂ ಜೊತೆಗೂಡುತ್ತದೆ. ಮೊದಲು ದ್ರವ ಸವರಿ ಆಮೇಲೆ ಸುತ್ತುವ ರೂಢಿಯು ಸ್ನೇಹನದ ಬಳಿಕ ಸ್ವೇದನ ಎಂಬ ಹಳೆಯ ಕ್ರಮವನ್ನು ಹೋಲುತ್ತದೆ. ಚರಕನದು ಮನುಷ್ಯರ ವೈದ್ಯ, ನಿಜ. ಆದರೆ ಅಶ್ವವೈದ್ಯವೂ ವಾತ, ಪಿತ್ತ, ಕಫಗಳ ಚೌಕಟ್ಟಿನಲ್ಲಿಯೇ ಬೆಳೆದ ಶಾಖೆ. ಆದ್ದರಿಂದ ಈ ಹೋಲಿಕೆ ಅನುಚಿತವಲ್ಲ.

ಈ ಹೋಲಿಕೆಯನ್ನು ಕೊನೆಯವರೆಗೆ ಒಯ್ದರೆ ಪಟ್ಟಿಯ ಪಕ್ಷ ದುರ್ಬಲವಾಗುತ್ತದೆ. ಯಾರಿಗೆ ಸ್ವೇದನ ಮಾಡಬಾರದು ಎಂಬ ಪಟ್ಟಿಯೂ ಅದೇ ಅಧ್ಯಾಯದಲ್ಲಿದೆ. ಬಳಲಿದವರು, ಬಾಯಾರಿದವರು, ಹಸಿದವರು, ದುರ್ಬಲರು ಅದರಲ್ಲಿದ್ದಾರೆ; ಅವರೊಡನೆ ಸ್ಥೂಲದೇಹಿಗಳೂ ಇದ್ದಾರೆ. ಕೊಬ್ಬಿದ ದೇಹಕ್ಕೆ ಬೆವರಿಳಿಸುವುದು ಮದ್ದೆಂದು ತೋರುವ ಕಡೆಯಲ್ಲಿಯೇ ಶಾಸ್ತ್ರವು ಅದನ್ನು ನಿಷೇಧಿಸುತ್ತದೆ. ಸ್ಥೌಲ್ಯಕ್ಕೆ ಚಿಕಿತ್ಸೆ ಬೇರೊಂದು ಅಧ್ಯಾಯದಲ್ಲಿ, ಬೇರೊಂದು ತತ್ತ್ವದ ಮೇಲೆ ನಿಂತಿದೆ. ಹೊಟ್ಟೆ ತುಂಬಬೇಕು, ಆದರೆ ಪುಷ್ಟಿ ಏರಬಾರದು. ಅಂದರೆ ಜಡವಾದರೂ ಸಾರ ಕಡಿಮೆಯಿರುವ ಆಹಾರ, ಅದರೊಡನೆ ಶ್ರಮ. ಕೊರಳ ಮೇಲೆ ಕೊಬ್ಬು ಏರಿದ ಕುದುರೆಗೆ ಇಂದಿನ ಪಶುವೈದ್ಯರು ಹೇಳುವುದೂ ಇದನ್ನೇ. ಕಾಳು, ಬೆಲ್ಲಗಳನ್ನು ನಿಲ್ಲಿಸಿ, ಸಕ್ಕರೆಯ ಅಂಶ ಕಡಿಮೆಯಿರುವ ಒಣಹುಲ್ಲನ್ನು ಅಳತೆಯಲ್ಲಿ ಕೊಟ್ಟು, ದಿನದಿನವೂ ನಡೆಸಿ, ಓಡಿಸಿರಿ ಎನ್ನುತ್ತಾರೆ.

ಕೌಟಿಲ್ಯನ ‘ಅರ್ಥಶಾಸ್ತ್ರ’ದ ಅಶ್ವಾಧ್ಯಕ್ಷ ಪ್ರಕರಣವೂ ಈ ದಿಕ್ಕಿನಲ್ಲಿಯೇ ಇದೆ. ಕುದುರೆಯ ಮೈ ಇಳಿಯುವುದಕ್ಕೂ ಏರುವುದಕ್ಕೂ ಪ್ರತೀಕಾರ ಮಾಡುವುದು, ಋತುವಿಗೆ ತಕ್ಕಂತೆ ಆಹಾರವನ್ನು ವಿಂಗಡಿಸುವುದು ಅಶ್ವವೈದ್ಯನ ಹೊಣೆ ಎಂದು ಅದು ವಿಧಿಸುತ್ತದೆ. ಚಿಕಿತ್ಸೆಯ ಅಲಕ್ಷ್ಯದಿಂದ ರೋಗ ಹೆಚ್ಚಿದರೆ ಚಿಕಿತ್ಸೆಯ ವೆಚ್ಚದ ಇಮ್ಮಡಿ ದಂಡ; ವೈದ್ಯನ ತಪ್ಪಿನಿಂದ ಕೇಡಾದರೆ ಪ್ರಾಣಿಯ ಬೆಲೆಯಷ್ಟೇ ದಂಡ. ಗಮನಿಸಬೇಕಾದದ್ದು ದಂಡದ ಮೊತ್ತವನ್ನಲ್ಲ, ಹೊಣೆಯ ಕಲ್ಪನೆಯನ್ನು. ಕುದುರೆಯ ಮೈಕಟ್ಟು ಅಲ್ಲಿ ಆಹಾರದ ಮತ್ತು ಋತುವಿನ ವಿಷಯ. ಅದನ್ನು ಕೆಡಿಸಿದವನು ಉತ್ತರ ಕೊಡಬೇಕು. ಮೂರು ವಾರಗಳಲ್ಲಿ ಕೊರಳು ಇಳಿಸಿಕೊಡುವ ಪಟ್ಟಿಗೆ ಅಂತಹ ಉತ್ತರದಾಯಿತ್ವ ಇಲ್ಲ.

ಬೆವರಿನ ಭೌತಧರ್ಮವೂ ಪಟ್ಟಿಯ ವಿರುದ್ಧವಾಗಿಯೇ ಸಾಕ್ಷಿ ನುಡಿಯುತ್ತದೆ. ಮೈತುಂಬ ಬೆವರಿ ತನ್ನನ್ನು ತಂಪಾಗಿಸಿಕೊಳ್ಳುವ ಕೆಲವೇ ಪ್ರಾಣಿಗಳಲ್ಲಿ ಕುದುರೆ ಒಂದು. ಬಿರುಸಾದ ಶ್ರಮದಲ್ಲಿ ಅದು ಗಂಟೆಗೆ 10 ಲೀಟರಿಗೂ ಮೀರಿ ಬೆವರಬಲ್ಲದು. ಅದರ ಬೆವರಿನಲ್ಲಿ ಲ್ಯಾಥರಿನ್ ಎಂಬ ಪ್ರೋಟೀನ್ ಇದೆ. ಲಗಾಮು ತಗಲುವ ಕಡೆ ನೊರೆ ಏಳುವುದು ಅದರಿಂದ. ನೀರು ಕೂದಲ ಬುಡದಿಂದ ತುದಿಗೆ ಹರಡಿ ಬೇಗ ಆವಿಯಾಗಲು ಆ ಪ್ರೋಟೀನ್ ನೆರವಾಗುತ್ತದೆ. ತಂಪು ಹುಟ್ಟುವುದು ಬೆವರು ಹರಿಯುವುದರಿಂದಲ್ಲ, ಆರುವುದರಿಂದ. ಗಾಳಿಯಾಡದ ಪಟ್ಟಿಯು ಬೆವರನ್ನು ಹೊರಡಿಸುತ್ತದೆ, ಆರಗೊಡುವುದಿಲ್ಲ. ಹೀಗೆ ದೇಹವು ನೀರನ್ನೂ ಕಳೆದುಕೊಳ್ಳುತ್ತದೆ, ತಂಪನ್ನೂ ಪಡೆಯುವುದಿಲ್ಲ. ಕುದುರೆಯ ಬೆವರಿನಲ್ಲಿ ರಕ್ತದ ದ್ರವಭಾಗದಲ್ಲಿರುವುದಕ್ಕಿಂತಲೂ ಹೆಚ್ಚು ಸಾಂದ್ರವಾಗಿ ಲವಣಗಳಿರುವುದರಿಂದ, ನೀರಿನೊಡನೆ ಉಪ್ಪೂ ಹೋಗುತ್ತದೆ. ಉಪ್ಪು ಕಳೆದುಕೊಂಡ ಕುದುರೆಗೆ ಬೇಕಾದಷ್ಟು ಬಾಯಾರಿಕೆಯೂ ಆಗುವುದಿಲ್ಲ.

ಕೊಬ್ಬಂತೂ ಬೆವರಾಗಿ ಹೊರಬರುವ ವಸ್ತುವೇ ಅಲ್ಲ. ಪಟ್ಟಿ ಬಿಚ್ಚಿದಾಗ ಕಾಣುವ ತೆಳುವು ನೀರು ಹೋದುದರ ಫಲ. ಕುದುರೆ ಕುಡಿದು ಚೇತರಿಸಿಕೊಂಡಾಗ ಅದು ಬಹುಮಟ್ಟಿಗೆ ಮರಳುತ್ತದೆ. ಕೊರಳ ಮೇಲ್ಭಾಗದಲ್ಲಿ, ಕೇಸರದ ಬುಡದಲ್ಲಿ ಗಟ್ಟಿಯಾಗಿ ಏರುವ ಕೊಬ್ಬು ಕೇವಲ ಅಂದದ ಕುಂದಲ್ಲ. ಅದನ್ನು ಅಳೆಯಲು ಪಶುವೈದ್ಯರು 0ಯಿಂದ 5ರವರೆಗಿನ ಮಾನವೊಂದನ್ನು ಬಳಸುತ್ತಾರೆ. ಅಂತಹ ಕೊರಳು ಇನ್ಸುಲಿನ್‌ನ ಏರುಪೇರಿಗೂ, ಗೊರಸಿನ ಒಳಪದರ ಉರಿದು ಕುದುರೆ ನಿಲ್ಲಲಾರದಂತಾಗುವ ಲ್ಯಾಮಿನೈಟಿಸ್ ರೋಗಕ್ಕೂ ಮುನ್ಸೂಚನೆಯಾಗಿರಬಹುದು. ಕೊರಳನ್ನು ಪಟ್ಟಿಯಲ್ಲಿ ಮುಚ್ಚಿ ತಾತ್ಕಾಲಿಕವಾಗಿ ತೆಳುವಾಗಿಸಿದವನು ದೇಹವು ಬರೆದ ಎಚ್ಚರಿಕೆಯ ಅಕ್ಷರವನ್ನು ಅಳಿಸಿದಂತಾಗುತ್ತದೆ. ಹಸ್ತಪ್ರತಿಯ ಅಸ್ಪಷ್ಟ ಪಾಠವನ್ನು ಓದಲಾರದೆ ತನ್ನ ಮನಸ್ಸಿಗೆ ಬಂದದ್ದನ್ನು ಬರೆದ ಲಿಪಿಕಾರನಿಗೂ ಇವನಿಗೂ ಹೆಚ್ಚಿನ ಭೇದವಿಲ್ಲ.

ಸಗರನಾಡಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಉತ್ತರ ಭಾರತದ ದೊಡ್ಡ ಕುದುರೆ ಸಂತೆಗಳು, ರಾಜಸ್ಥಾನದ ಪುಷ್ಕರದಂತಹವು, ಚಳಿಯ ಹೊಸ್ತಿಲಲ್ಲಿ ನಡೆಯುತ್ತವೆ. ಇಲ್ಲಿನ ಮದುವೆಗಳ ಮತ್ತು ಹಲವು ಜಾತ್ರೆಗಳ ಕಾಲ ಬೇಸಿಗೆ. ಬಯಲುಸೀಮೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮೀರುವ ತಿಂಗಳುಗಳಲ್ಲಿಯೇ ಕುದುರೆಯನ್ನು ಅಣಿಗೊಳಿಸಬೇಕಾಗುತ್ತದೆ. ಉಪನಾಹವನ್ನು ರಾತ್ರಿ ಕಟ್ಟಿದರೆ ಹಗಲು ಬಿಚ್ಚಬೇಕು, ಹಗಲು ಕಟ್ಟಿದರೆ ರಾತ್ರಿ ಬಿಚ್ಚಬೇಕು, ಇಲ್ಲವಾದರೆ ಚರ್ಮದಲ್ಲಿ ದಾಹ ಹುಟ್ಟುತ್ತದೆ ಎಂದು ಚರಕ ಎಚ್ಚರಿಸುತ್ತಾನೆ. ಹೆಚ್ಚು ಹೊತ್ತು ಬಿಡಬಹುದಾದದ್ದು ಶೀತಕಾಲದಲ್ಲಿ ಮಾತ್ರ. ತಂಪು ನಾಡಿನ ಲಾಯದಲ್ಲಿ ರೂಪುಗೊಂಡ ಸಾಧನವನ್ನು ಕೃಷ್ಣಾತೀರದ ಚೈತ್ರ, ವೈಶಾಖಗಳಿಗೆ ಹಾಗೆಯೇ ತರುವವರು ದೇಶ, ಕಾಲಗಳೆಂಬ ವೈದ್ಯದ ಮೊದಲ ಪಾಠವನ್ನೇ ಬಿಟ್ಟಿದ್ದಾರೆ.

ಪ್ರತಿಪಕ್ಷಕ್ಕೂ ನ್ಯಾಯ ಸಲ್ಲಬೇಕು. ಅನುಭವಿ ತರಬೇತುದಾರರು ಪಟ್ಟಿಯೊಂದನ್ನೇ ನಂಬುವುದಿಲ್ಲ. ಆಹಾರ, ಓಟ, ಮೈತಿಕ್ಕುವಿಕೆಗಳ ನಡುವೆ ಅದನ್ನು ಕೊನೆಯ ಒಪ್ಪವಾಗಿ ಬಳಸುತ್ತಾರೆ. ಮುಂಜಾನೆಯ ತಂಪಿನಲ್ಲಿ, ಸ್ವಚ್ಛವಾದ ಪಟ್ಟಿಯನ್ನು ಸಡಿಲವಾಗಿ ಸುತ್ತಿ, ಕಣ್ಣೆದುರಿಗೇ ಅರ್ಧ ಗಂಟೆ ನಡೆಸಿ, ಬಿಚ್ಚಿ, ಕೊರಳು ತೊಳೆದು, ಒರೆಸಿ, ನೀರು ಮತ್ತು ಉಪ್ಪು ಕೊಟ್ಟರೆ ಆರೋಗ್ಯವಂತ ಕುದುರೆಗೆ ಕೇಡಾಗದೆಂಬ ಅವರ ಮಾತನ್ನು ತಳ್ಳಿಹಾಕಲಾಗದು. ಆದರೆ ಆ ಮಾತನ್ನು ಒಪ್ಪಿದಾಗಲೂ ಒಂದು ಪ್ರಶ್ನೆ ಉಳಿಯುತ್ತದೆ. ಆಹಾರ ಮತ್ತು ಓಟಗಳಿಂದ ಕೊರಳು ಸರಿಯಾಗಿದ್ದರೆ ಪಟ್ಟಿ ಬೇಕಿಲ್ಲ. ಅವುಗಳಿಂದ ಸರಿಯಾಗದಿದ್ದರೆ ಪಟ್ಟಿಯಿಂದಲೂ ಸರಿಯಾಗದು. ನಡುವೆ ಉಳಿಯುವ ಲಾಭ ತೀರ್ಪುಗಾರನ ಅಥವಾ ನೋಡುಗನ ಕಣ್ಣಿಗೆ ಕೆಲವು ಗಂಟೆಗಳ ಮಟ್ಟಿಗೆ ಮಾತ್ರ. ಲಾಯದಲ್ಲಿ ಗಂಟೆಗಟ್ಟಲೆ ಬಿಗಿದಿಡುವ, ಋತು ಹತ್ತಿರವಾದಂತೆ ನೀರನ್ನೂ ಮೇವನ್ನೂ ಕಡಿಮೆ ಮಾಡುವ ಆತುರದ ರೂಢಿಗಂತೂ ಈ ಸಮರ್ಥನೆ ಅನ್ವಯಿಸುವುದೇ ಇಲ್ಲ.

ಇಲ್ಲಿ ಜೈನ ಶಾಸ್ತ್ರಕಾರರ ಒಂದು ಸೂಕ್ಷ್ಮ ವಿಚಾರ ಪ್ರಸ್ತುತವಾಗುತ್ತದೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೇರುವುದು, ಮೇವು ನೀರು ತಡೆಯುವುದು. ಇವು ಕಾಡಿನ ಬೇಟೆಯ ಮಾತಲ್ಲ. ಮನೆಯಲ್ಲಿ ದನ, ಕುದುರೆ ಸಾಕಿದವನ ಮಾತು. ಕೊಲ್ಲದಿದ್ದರೂ ಅಹಿಂಸೆಗೆ ಊನ ಬರಬಹುದು, ಸಾಕುವ ಕೈಯಿಂದಲೇ ಬರಬಹುದು ಎಂಬುದು ಇದರ ತಿರುಳು. ಕೊರಳಿಗೆ ಪಟ್ಟಿ ಸುತ್ತಿದ ಮಾತ್ರಕ್ಕೆ ಅದು ಬಂಧವೆನಿಸುವುದಿಲ್ಲ. ವ್ಯಾಖ್ಯಾನಕಾರರಲ್ಲಿ ಬಂಧವೆಂದರೆ ಜೀವಿಯು ತನ್ನ ಇಷ್ಟದ ಎಡೆಗೆ ಹೋಗದಂತೆ ತಡೆಯುವುದು. ಆದರೆ ಪಟ್ಟಿ ಸುತ್ತಿ ದಿನವೆಲ್ಲ ಗೂಟಕ್ಕೆ ಕಟ್ಟಿದಾಗ ಬಂಧವೂ, ಮೈ ಇಳಿಸಲೆಂದು ನೀರು ತಡೆದಾಗ ಅನ್ನಪಾನನಿರೋಧವೂ ಸ್ಪಷ್ಟವಾಗಿ ಕೂಡಿಬರುತ್ತವೆ. ದೋಷ ಪಟ್ಟಿಯಲ್ಲಿಲ್ಲ, ಅದರ ಸುತ್ತ ಬೆಳೆಯುವ ರೂಢಿಯಲ್ಲಿದೆ.

ಯಾದಗಿರಿಗೆ ಬಹು ದೂರವಲ್ಲದ ಮಳಖೇಡದಲ್ಲಿ ಆಳಿದ ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ಮಾಂಸಾಹಾರದ ನಿಷ್ಫಲತೆಯನ್ನು ಪ್ರತಿಪಾದಿಸಿದನೆಂದು ಪ್ರಸಿದ್ಧನಾದ ಉಗ್ರಾದಿತ್ಯನು ತನ್ನ ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟೇ ಔಷಧಗಳನ್ನು ಹೇಳಿದ. ವೈದ್ಯದ ಗುರಿ ಒಳ್ಳೆಯದಾದರೆ ಸಾಲದು, ಅದರ ಸಾಧನವೂ ನಿರ್ದೋಷವಾಗಿರಬೇಕೆಂಬ ನಿಲುವು ಅದು. ಪಶುವೈದ್ಯದ ಕನ್ನಡ ಗ್ರಂಥಗಳಲ್ಲಿ ಹಲವನ್ನು ಜೈನರು ಬರೆದದ್ದನ್ನು ಈ ನಿಲುವಿನಿಂದ ಬೇರೆಯಾಗಿ ನೋಡಲಾಗದು. ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ದ ಕಥಾನಾಯಕರಲ್ಲೊಬ್ಬನಾದ ಭರತ ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಪವನಂಜಯವೆಂಬ ಕುದುರೆಯೂ ಒಂದು. ಪರಂಪರೆಯು ಆ ರತ್ನಗಳನ್ನು ಜೀವ, ಅಜೀವಗಳೆಂದು ವಿಂಗಡಿಸಿ ಕುದುರೆಯನ್ನು ಜೀವರತ್ನಗಳಲ್ಲಿ ಇರಿಸಿತು. ಖಡ್ಗವನ್ನು ಉಜ್ಜಿ ಹೊಳಪಿಸುವ ಹಾಗೆ ಕುದುರೆಯನ್ನು ಹೊಳಪಿಸಲಾಗದೆಂಬ ತಿಳಿವು ಆ ವಿಂಗಡಣೆಯಲ್ಲಿಯೇ ಅಡಗಿದೆ.

ಜನರ ನಡೆ ಬದಲಾಗದು ಎಂಬ ನಿರಾಶೆಗೂ ಇಲ್ಲಿ ಅವಕಾಶವಿಲ್ಲ. ಯಾದಗಿರಿ ಬಳಿಯ ಮೈಲಾಪುರದ ಮಲ್ಲಯ್ಯನ ಸಂಕ್ರಾಂತಿ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿಗಳನ್ನು ಎಸೆಯುವ ರೂಢಿ ಇತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿ, ದಾರಿಯಲ್ಲಿ ತಪಾಸಣೆ ನಡೆಸಿ, ಮರಿಗಳನ್ನು ವಶಪಡಿಸಿಕೊಳ್ಳುವ ಕ್ರಮ ಕೈಗೊಂಡಿತು. ಕುದುರೆಯನ್ನು ವಾಹನವಾಗಿ ಉಳ್ಳ ಆ ದೈವದ ಜಾತ್ರೆ ಕುರಿಮರಿಗಳ ನೋವಿಲ್ಲದೆಯೂ ನಡೆಯಬಲ್ಲದು, ಭಕ್ತಿ ಕುಂದುವುದಿಲ್ಲ. ಲಾಯದ ರೂಢಿಗೆ ಅಂತಹ ನಿಷೇಧ ಬೇಕಿಲ್ಲ, ಅರಿವು ಸಾಕು. ಆ ಅರಿವಿನ ಒಂದು ಭಾಗ ಪಶುವೈದ್ಯರ ಬಳಿ ಇದೆ, ಇನ್ನೊಂದು ಭಾಗ ಕನ್ನಡ ವಿಭಾಗಗಳ ಕಪಾಟುಗಳಲ್ಲಿದೆ.

ಕೊನೆಯ ಮಾತು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು. ಆರ್. ನರಸಿಂಹಾಚಾರ್ಯರು 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ‘ಕರ್ಣಾಟಕ ಕವಿಚರಿತೆ’ಯನ್ನು ಹೊರತಂದು ಈ ಶಾಸ್ತ್ರಕವಿಗಳನ್ನೂ ಕವಿಗಳ ಸಾಲಿನಲ್ಲಿಯೇ ದಾಖಲಿಸಿದರು. ಆ ದಾಖಲೆಯನ್ನು ಓದಾಗಿ ಬೆಳೆಸುವ ಕೆಲಸ ಬಹುಪಾಲು ಉಳಿದಿದೆ. ಅಶ್ವವೈದ್ಯವನ್ನು ಛಂದಸ್ಸಿಗಾಗಿ ಮಾತ್ರ ಓದುವವರು ಅದರ ಅರ್ಧವನ್ನಷ್ಟೇ ಓದುತ್ತಾರೆ. ಒಬ್ಬ ಸಂಶೋಧಕರು ಪದ್ಯದ ಪಾಠವನ್ನು ಹಿಡಿದು ಪಶುವೈದ್ಯರೊಬ್ಬರ ಬಳಿಗೂ, ಕುದುರೆ ಸಾಕುವ ಮನೆತನದ ಹಿರಿಯರೊಬ್ಬರ ಬಳಿಗೂ ಹೋಗಬೇಕು. ಯಾವ ರೋಗದ ಹೆಸರು ಇಂದು ಯಾವ ಹೆಸರಿನಲ್ಲಿ ಉಳಿದಿದೆ, ಯಾವ ಮೇವು ಯಾವ ತಿಂಗಳಿಗೆ ಸಲ್ಲುತ್ತದೆ, ಹುರುಳಿಯ ಅಳತೆ ಎಷ್ಟು ಎಂದು ಕೇಳಿ ಬರೆದುಕೊಳ್ಳಬೇಕು. ಆಗ ಲಕ್ಷಣವಾವುದು, ಚಿಕಿತ್ಸೆಯಾವುದು ಎಂಬ ಗಡಿ ಗ್ರಂಥದಲ್ಲಿಯೂ ಲಾಯದಲ್ಲಿಯೂ ತಿಳಿಯಾಗುತ್ತದೆ. ದುಡಿಮೆಯಿಂದ ಬಂದ ಬೆವರು ಕುದುರೆಯ ಕೊರಳಿಗೆ ತಾನಾಗಿಯೇ ಅಂದ ಕೊಡುತ್ತದೆ. ಅಂದಕ್ಕಾಗಿ ಹಿಂಡಿದ ಬೆವರು ಕುದುರೆಯಿಂದ ನೀರನ್ನಷ್ಟೇ ಕಸಿಯುತ್ತದೆ.